ಚೌಕಳಿಯ ಮೇಲಿನ ಹೂವು

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಒಂದು ಕಾಲಕ್ಕೆ ಬರಿಯ ಮೇಜನ್ನು ಕಾಣುವುದು ಅಪರೂಪವಾಗಿತ್ತು. ನಡುಮನೆಯ ರೇಡಿಯೋ ಪೆಟ್ಟಿಗೆಗೆ ಒಂದು ಹೊದಿಕೆ, ನೆಂಟರಿಗೆ ಕಾಫಿ ತರುವ ತಟ್ಟೆಯ ಮೇಲೆ ಒಂದು ಹಾಸು, ಬಾಗಿಲಿಗೊಂದು ತೋರಣ, ಗೋಡೆಯಲ್ಲಿ ಗಾಜಿನ ಕಟ್ಟು ಹಾಕಿಸಿದ ಗಿಳಿಗಳ ಜೋಡಿ. ಇವುಗಳಲ್ಲಿ ಬಹುಪಾಲು ಆ ಮನೆಯ ಹೆಣ್ಣುಮಕ್ಕಳ ಸೂಜಿಯಿಂದ ಮೂಡಿದವು. ಮಧ್ಯಾಹ್ನದ ಊಟ ಮುಗಿದು, ಪಾತ್ರೆಗಳ ಸದ್ದು ಅಡಗಿದ ಮೇಲೆ, ಜಗಲಿಯ ಬೆಳಕಿನಲ್ಲಿ ಕುಳಿತು ಅಜ್ಜಿಯೋ ಅತ್ತೆಯೋ ಹೊಲಿಯುತ್ತಿದ್ದರೆ ಪಕ್ಕದಲ್ಲಿ ಕುಳಿತ ಹುಡುಗಿ ನೋಡಿ ಕಲಿಯುತ್ತಿದ್ದಳು. ಹೀಗೆ ಕಲಿಯುವವಳ ಕೈಗೆ ಮೊದಲು ಕೊಡಲು ತಕ್ಕ ಬಟ್ಟೆಗಳಲ್ಲಿ ಒಂದು, ಬಿಳಿಯ ಜೊತೆಗೆ ಕೆಂಪೋ ನೀಲಿಯೋ ಬೆರೆತ ಚಿಕ್ಕ ಚಿಕ್ಕ ಮನೆಗಳ ಚೌಕಳಿ ಬಟ್ಟೆ. ಅಂಗಡಿಯವರು ಇದನ್ನು ಚೆಕ್ಸ್ ಬಟ್ಟೆ ಎನ್ನುತ್ತಾರೆ. ಗಿಂಗಮ್ ಎಂಬುದು ಅದರ ಇನ್ನೊಂದು ಹೆಸರು.

ನೋಡಲು ಸರಳವಾದ ಈ ಬಟ್ಟೆಯಲ್ಲಿ ಒಳ್ಳೆಯ ಗುರುವಿನ ಗುಣಗಳಿವೆ. ಕಲಿಯುವವರಿಗೆ ಅದು ದಾರಿ ತೋರಿಸುತ್ತದೆ, ತಪ್ಪಿದರೆ ತಪ್ಪನ್ನು ಬಯಲಿಗಿಡುತ್ತದೆ, ಕಲಿತು ಮುಗಿದಾಗ ತಾನಾಗಿ ಹಿಂದೆ ಸರಿಯುತ್ತದೆ. ಅದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಬಟ್ಟೆಯನ್ನೂ ಅದರ ಮೇಲಿನ ಕೆಲಸವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಬಟ್ಟೆಯಲ್ಲಿ ಉದ್ದಕ್ಕೆ ಬಿಗಿದ ನೂಲನ್ನು ಹಾಸು ಎಂದೂ ಅಡ್ಡಲಾಗಿ ಹಾಯುವ ನೂಲನ್ನು ಹೊಕ್ಕು ಎಂದೂ ಕರೆಯುತ್ತಾರೆ. ಚೌಕಳಿ ಬಟ್ಟೆಗೆ ನೂಲನ್ನು ಮೊದಲೇ ಬಣ್ಣದಲ್ಲಿ ಅದ್ದಿ, ಆಮೇಲೆ ನೇಯುತ್ತಾರೆ. ಹಾಸಿನಲ್ಲಿ ಕೆಲವು ಎಳೆ ಬಿಳಿ, ಅಷ್ಟೇ ಎಳೆ ಕೆಂಪು. ಹೊಕ್ಕಿನಲ್ಲಿಯೂ ಅದೇ ಲೆಕ್ಕ. ಕೆಂಪು ಕೆಂಪನ್ನು ಕೂಡಿದಲ್ಲಿ ತುಂಬುಗೆಂಪು ಮನೆ, ಬಿಳಿ ಬಿಳಿಯನ್ನು ಕೂಡಿದಲ್ಲಿ ಅಚ್ಚಬಿಳಿಯ ಮನೆ, ಕೆಂಪೂ ಬಿಳಿಯೂ ಹಾಯ್ದಲ್ಲಿ ಎರಡರ ನಡುವಿನ ನಸುಗೆಂಪು ಮನೆ ಹುಟ್ಟುತ್ತದೆ. ನೇಕಾರನು ಎರಡೇ ಬಣ್ಣ ಹಾಕಿದರೂ ಕಣ್ಣಿಗೆ ಮೂರು ಬಣ್ಣ ಕಾಣುವುದು ಹೀಗೆ. ನಾಲ್ಕು ಮನೆಗಳಲ್ಲಿ ಒಂದು ಕೆಂಪು, ಒಂದು ಬಿಳಿ, ಎರಡು ನಸುಗೆಂಪು. ಯಾವ ಬಿಳಿಯ ಮನೆಯನ್ನು ಹಿಡಿದರೂ ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ನಸುಗೆಂಪು ಮನೆಗಳೂ ನಾಲ್ಕು ಮೂಲೆಗಳಲ್ಲಿ ನಾಲ್ಕು ತುಂಬುಗೆಂಪು ಮನೆಗಳೂ ಇರುತ್ತವೆ. ಬಟ್ಟೆಯ ಮೇಲೆ ಮೂಡುವ ಹೂವುಗಳಿಗೆಲ್ಲ ಈ ನೆರೆಹೊರೆಯೇ ಆಧಾರ.

ಗಿಂಗಮ್ ಎಂಬ ಹೆಸರು ಮಲಯ ಭಾಷೆಯಿಂದ ಹೊರಟು, ಡಚ್ಚರ ಬಾಯಲ್ಲಿ ಬದಲಾಗಿ, ಇಂಗ್ಲಿಷಿಗೆ ಬಂದದ್ದೆಂದು ನಿಘಂಟುಕಾರರು ಹೇಳುತ್ತಾರೆ. ಮೂಲದಲ್ಲಿ ಅದು ಪಟ್ಟೆಪಟ್ಟೆಯ ಬಟ್ಟೆಗೆ ಸಂದ ಮಾತು. ಪೂರ್ವದೇಶಗಳ ಹತ್ತಿಯ ಬಟ್ಟೆಯನ್ನು ಐರೋಪ್ಯ ವರ್ತಕರು ಹಡಗುಗಳಲ್ಲಿ ತುಂಬಿಕೊಂಡು ಹೋದಾಗ ಬಟ್ಟೆಯ ಜೊತೆಗೆ ಅದರ ಹೆಸರೂ ಪಯಣ ಮಾಡಿತು. ಅಲ್ಲಿಂದ ಅದರ ಮೇಲೆ ಮಾಡುವ ಒಂದು ಬಗೆಯ ಅಲಂಕಾರವೂ ಬೆಳೆಯಿತು. ಅಮೆರಿಕದಲ್ಲಿ ಈ ಕೆಲಸಕ್ಕೆ ಕೋಳಿ ಕೆದರಿದ ಗುರುತು ಎಂಬ ಅರ್ಥದ ತಮಾಷೆಯ ಹೆಸರೊಂದಿದೆ. ಮುಗ್ಗಟ್ಟಿನ ಲೇಸು ಎಂಬ ಅರ್ಥದ ಇನ್ನೊಂದು ಹೆಸರು 1930ರ ದಶಕದ ಆರ್ಥಿಕ ಕುಸಿತವನ್ನು ನೆನಪಿಗೆ ತರುತ್ತದೆ. ಬೆಲೆಬಾಳುವ ಲೇಸನ್ನು ಕೊಳ್ಳಲಾರದ ಮನೆಯಲ್ಲಿಯೂ ಅಗ್ಗದ ಚೌಕಳಿ ಬಟ್ಟೆಯ ಮೇಲೆ ಒಂದಿಷ್ಟು ಬಿಳಿಯ ದಾರದಿಂದ ಲೇಸಿನ ಚೆಲುವನ್ನು ತರಬಹುದಾಗಿತ್ತು. ಬಡತನವು ಚೆಲುವಿನ ಆಸೆಯನ್ನು ಅಳಿಸಲಾರದು ಎಂಬುದಕ್ಕೆ ಈ ಹೆಸರು ಸಾಕ್ಷಿ.

ಬೆಂಗಳೂರಿನ ಈ ಬಡಾವಣೆಗಳಲ್ಲಿ ಸೂಜಿಯ ಕೆಲಸಕ್ಕೆ ಚೆಲುವಿನ ಆಸೆಗಿಂತ ಗಂಭೀರವಾದ ಕಾರಣವೂ ಇತ್ತು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗು ಹಳೆಯ ಪೇಟೆಯನ್ನು ಹಿಂಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ ಬೆಳೆದವು. ಬೀದಿಗಳು ಅಗಲವಾದಷ್ಟು ಬೇಗ ಮನೆಯೊಳಗಿನ ಹೆಣ್ಣಿನ ಬಾಳು ಅಗಲವಾಗಲಿಲ್ಲ. ಅದು ಬಾಲ್ಯವಿವಾಹದ ಕಾಲ. ಆಟವಾಡುವ ವಯಸ್ಸಿನಲ್ಲಿಯೇ ವಿಧವೆಯಾದ ಹುಡುಗಿಗೆ ತವರಿನಲ್ಲಿಯಾಗಲಿ ಗಂಡನ ಮನೆಯಲ್ಲಿಯಾಗಲಿ ಗೌರವದ ಸ್ಥಾನ ಸುಲಭವಾಗಿ ಸಿಗುತ್ತಿರಲಿಲ್ಲ. ಅಕ್ಷರವೂ ಇಲ್ಲದೆ, ಕೈಯಲ್ಲಿ ಕೆಲಸವೂ ಇಲ್ಲದೆ ಅವಳು ಜೀವಮಾನವೆಲ್ಲ ಇನ್ನೊಬ್ಬರ ಅನ್ನಕ್ಕೆ ಕಾಯಬೇಕಾಗುತ್ತಿತ್ತು. ಇಂಥ ನೊಂದ ಹೆಣ್ಣುಮಕ್ಕಳಿಗಾಗಿ ಬಸವನಗುಡಿಯಲ್ಲಿ 1905ರಲ್ಲಿ ಅಬಲಾಶ್ರಮ ಸ್ಥಾಪನೆಯಾಯಿತು. 1913ರಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿಕೊಂಡಿತು. ಮಲ್ಲೇಶ್ವರದ ಮಹಿಳೆಯರ ಸಂಘವೂ ಮುಂದೆ ಶಿಕ್ಷಣಸಂಸ್ಥೆಗಳನ್ನು ಬೆಳೆಸಿತು. ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು.

ಅಂದಿನ ಮಹಿಳಾ ಸಂಸ್ಥೆಗಳ ಪಾಠಗಳಲ್ಲಿ ಓದುಬರಹದ ಜೊತೆಗೆ ಹೊಲಿಗೆ, ಕಸೂತಿಗಳಿಗೂ ಸ್ಥಳವಿರುತ್ತಿತ್ತು. ಇದನ್ನು ಶ್ರೀಮಂತರ ಮನೆಯ ಹೊತ್ತು ಕಳೆಯುವ ವಿದ್ಯೆ ಎಂದುಕೊಂಡರೆ ತಪ್ಪಾಗುತ್ತದೆ. ಒಂದು ಸೂಜಿ, ಒಂದು ಕತ್ತರಿ, ಒಂದಿಷ್ಟು ದಾರ ಇವಿಷ್ಟೇ ಬಂಡವಾಳ. ಇದಕ್ಕೆ ಅಂಗಡಿ ಬೇಡ, ಯಂತ್ರ ಬೇಡ. ಮನೆಯ ಮೂಲೆಯಲ್ಲಿ ಕುಳಿತೇ ನಾಲ್ಕು ಕಾಸು ಸಂಪಾದಿಸಬಹುದು. ಹಾಗೆ ಬಂದ ನಾಲ್ಕು ಕಾಸು ತನ್ನದು ಎಂಬ ಅರಿವು, ಅದುವರೆಗೆ ತನ್ನದೆಂಬುದು ಏನೂ ಇಲ್ಲದಿದ್ದ ಹೆಣ್ಣಿಗೆ ತಲೆಯೆತ್ತಿ ನಡೆಯುವ ಧೈರ್ಯವನ್ನು ಕೊಡುತ್ತದೆ.

ಇನ್ನು ಕಲಿಕೆಯ ಮಾತು. ಮೊದಲನೆಯ ಪಾಠ ಬಟ್ಟೆಯ ಆಯ್ಕೆ. ಅವೆನ್ಯೂ ರಸ್ತೆ, ಚಿಕ್ಕಪೇಟೆ, ಗಾಂಧಿ ಬಜಾರುಗಳ ಅಂಗಡಿಗಳಲ್ಲಿ ಚೌಕಳಿ ಬಟ್ಟೆ ಹಲವು ಬಗೆಗಳಲ್ಲಿ ದೊರೆಯುತ್ತದೆ. ಕೆಲವು ಬಟ್ಟೆಗಳ ಚೌಕಗಳು ನೇಯ್ದವಲ್ಲ, ಅಚ್ಚು ಹಾಕಿದವು. ಬಟ್ಟೆಯನ್ನು ತಿರುವಿ ನೋಡಿದರೆ ಗುಟ್ಟು ತಿಳಿಯುತ್ತದೆ. ನೇಯ್ದ ಬಟ್ಟೆಯ ಎರಡು ಮುಖಗಳೂ ಒಂದೇ. ಅಚ್ಚಿನ ಬಟ್ಟೆಯ ಹಿಂಬದಿ ಸಾಮಾನ್ಯವಾಗಿ ಮಸುಕಾಗಿರುತ್ತದೆ, ಅದರ ಗೆರೆಗಳು ನೂಲಿನ ಜಾಡಿನಲ್ಲಿ ನೇರವಾಗಿ ನಡೆದಿರುವುದಿಲ್ಲ. ಕಲಿಯುವವರಿಗೆ ನೇಯ್ದ ಬಟ್ಟೆಯೇ ಬೇಕು. ಅಂಗುಲಕ್ಕೆ ಎಂಟು ಮನೆಗಳ ಬಟ್ಟೆಯೂ ಉಂಟು, ನಾಲ್ಕು ಮನೆಗಳದೂ ಉಂಟು. ಮೊದಲಿಗೆ ನಾಲ್ಕು ಮನೆಗಳದೇ ಒಳ್ಳೆಯದು, ಕಣ್ಣಿಗೆ ಶ್ರಮವಿಲ್ಲ. ಉದ್ದಕ್ಕೂ ಅಗಲಕ್ಕೂ ಅಳತೆಪಟ್ಟಿ ಇಟ್ಟು ಎಣಿಸಿ ನೋಡಬೇಕು. ಉದ್ದದ ಅಂಗುಲದಲ್ಲಿ ನಾಲ್ಕೂ ಅಡ್ಡದ ಅಂಗುಲದಲ್ಲಿ ಐದೂ ಮನೆಗಳಿದ್ದರೆ ದುಂಡಗೆ ಮೂಡಬೇಕಾದ ಹೂವು ಒಂದು ಕಡೆಗೆ ನೀಳವಾಗುತ್ತದೆ.

ತಂದ ಬಟ್ಟೆಯನ್ನು ಕೂಡಲೆ ಹೊಲಿಯಲು ಹಿಡಿಯಬಾರದು. ಹತ್ತಿಯ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಹೊಲಿಗೆಯೆಲ್ಲ ಸುಕ್ಕುಗಟ್ಟುತ್ತದೆ. ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿಯ ಬಟ್ಟೆಯ ಮೇಲೆ ಒತ್ತಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ಬಣ್ಣ ಬಿಡದ ಬಟ್ಟೆಯನ್ನು ಒಗೆದು, ನೆರಳಿನಲ್ಲಿ ಒಣಗಿಸಿ, ನೂಲಿನ ಜಾಡು ಸೊಟ್ಟಗಾಗದಂತೆ ಇಸ್ತ್ರಿ ಮಾಡಬೇಕು. ಕತ್ತರಿಸುವಾಗ ಒಂದೆಳೆಯನ್ನು ಹೊರಕ್ಕೆ ಸೆಳೆದರೆ ಬಟ್ಟೆಯಲ್ಲಿ ತೆಳುವಾದ ದಾರಿಯೊಂದು ಕಾಣುತ್ತದೆ. ಆ ದಾರಿಯಲ್ಲಿ ಕತ್ತರಿ ನಡೆದರೆ ಅಂಚು ನೇರವಾಗಿರುತ್ತದೆ. ಎಳೆ ಬಿಚ್ಚದಂತೆ ಅಂಚಿನ ಸುತ್ತ ಸಡಿಲವಾದ ಹೊಲಿಗೆಯನ್ನು ಓಡಿಸಬೇಕು. ಕಸೂತಿಯ ದಾರದಲ್ಲಿ ಆರು ಎಳೆಗಳಿರುತ್ತವೆ. ಈ ಕೆಲಸಕ್ಕೆ ಎರಡು ಅಥವಾ ಮೂರು ಎಳೆ ಸಾಕು. ದಾರ ಮೊಳದುದ್ದಕ್ಕಿಂತ ಹೆಚ್ಚಾದರೆ ಸಿಕ್ಕುಗಟ್ಟುತ್ತದೆ. ಬಟ್ಟೆಯನ್ನು ಬಿಗಿದಿಡುವ ಮರದ ಬಳೆಯನ್ನು ಪ್ರತಿದಿನವೂ ಕೆಲಸ ಮುಗಿದ ಕೂಡಲೆ ಬಿಚ್ಚಿಡಬೇಕು. ಇಲ್ಲವಾದರೆ ಅದರ ಗುರುತು ಬಟ್ಟೆಯಲ್ಲಿ ಉಳಿದುಬಿಡುತ್ತದೆ.

ಹೊಲಿಗೆಗಳು ಮೂರೇ. ಮೊದಲನೆಯದು ನಕ್ಷತ್ರ. ಮನೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಒಂದು ಗೆರೆ, ಅದರ ಮೇಲೆ ಇನ್ನೊಂದು. ಇದು ಕತ್ತರಿ ಹೊಲಿಗೆ. ಅದರ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಹಾಕಿದರೆ ಎಂಟು ಕಾಲಿನ ನಕ್ಷತ್ರ ಸಿದ್ಧವಾಯಿತು. ಕೆಂಪು ಮನೆಯ ಮೇಲೆ ಬಿಳಿಯ ನಕ್ಷತ್ರವಿಟ್ಟರೆ ಆ ಮನೆ ತಿಳಿಯಾಗುತ್ತದೆ. ಬಿಳಿಯ ಮನೆಯ ಮೇಲೆ ಕೆಂಪು ನಕ್ಷತ್ರವಿಟ್ಟರೆ ಅದು ಗಾಢವಾಗುತ್ತದೆ. ನೇಕಾರನು ಹಂಚಿದ ಬಣ್ಣವನ್ನು ಹೊಲಿಯುವವಳು ತನ್ನ ಇಚ್ಛೆಯಂತೆ ಮತ್ತೆ ಹಂಚುತ್ತಾಳೆ. ಒಂದು ನಿಯಮವನ್ನು ಮಾತ್ರ ಮರೆಯಬಾರದು. ಎಲ್ಲ ನಕ್ಷತ್ರಗಳಲ್ಲಿಯೂ ಮೇಲೆ ಬರುವ ಗೆರೆ ಒಂದೇ ದಿಕ್ಕಿನದಾಗಿರಬೇಕು. ದಾರದ ಮೇಲೆ ಬೆಳಕು ಬೀಳುವ ಬಗೆ ದಿಕ್ಕಿನಿಂದ ದಿಕ್ಕಿಗೆ ಬೇರೆ. ಒಂದು ನಕ್ಷತ್ರದಲ್ಲಿ ಕ್ರಮ ತಪ್ಪಿದರೂ ದೂರದಿಂದ ಅದು ಕಲೆಯಂತೆ ಕಾಣುತ್ತದೆ.

ಎರಡನೆಯದು ನೇರಗೆರೆ. ನಸುಗೆಂಪು ಮನೆಗೆ ಒಂದೊಂದರಂತೆ ಬಿಳಿಯ ದಾರದ ಗೆರೆ. ಮೂರನೆಯದು ಬಳೆ. ಒಂದು ಬಿಳಿಯ ಮನೆಯ ಸುತ್ತಲಿನ ನಾಲ್ಕು ನಸುಗೆಂಪು ಮನೆಗಳಲ್ಲಿ, ಚಕ್ರದ ಅರೆಕಾಲುಗಳಂತೆ ನಡುವಿನತ್ತ ಮುಖಮಾಡಿದ ನಾಲ್ಕು ಗೆರೆಗಳನ್ನು ಹಾಕಿರಬೇಕು. ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ತಂದು, ಬಟ್ಟೆಯನ್ನು ಚುಚ್ಚದೆ, ಆ ನಾಲ್ಕು ಗೆರೆಗಳ ಅಡಿಯಲ್ಲಿ ಒಂದಾದ ಮೇಲೊಂದರಂತೆ ದಾರವನ್ನು ತೂರಿಸಿ ಎರಡು ಸುತ್ತು ತಂದು, ಹೊರಟಲ್ಲಿಯೇ ಕೆಳಗಿಳಿಸಬೇಕು. ಚೌಕಗಳ ನಡುವೆ ದುಂಡನೆಯ ಹೂವೊಂದು ಅರಳುತ್ತದೆ. ಗೆರೆಗಳು ಕೆಂಪು ಮನೆಯತ್ತ ಮುಖಮಾಡಿದ್ದರೆ ಕೆಂಪು ಮನೆಯೇ ಹೂವಿನ ನಡುವಾಗುತ್ತದೆ. ದಾರವನ್ನು ಬಿಗಿಯಾಗಿ ಎಳೆದರೆ ಬಳೆ ಚೌಕವಾಗುತ್ತದೆ, ಸಡಿಲ ಬಿಟ್ಟರೆ ಜೋಲುತ್ತದೆ. ಎಷ್ಟು ಎಳೆಯಬೇಕೆಂಬುದನ್ನು ಮಾತಿನಲ್ಲಿ ಹೇಳಲು ಬರುವುದಿಲ್ಲ. ಹತ್ತು ಬಳೆಗಳು ಕೆಟ್ಟ ಮೇಲೆ ಬೆರಳಿಗೆ ತಾನಾಗಿ ತಿಳಿಯುತ್ತದೆ.

ಹೊಲಿಗೆಗಿಂತ ಕಷ್ಟವಾದದ್ದು ಎಣಿಕೆ. ಚುಕ್ಕಿಯಿಟ್ಟು ರಂಗೋಲಿ ಹಾಕಲು ಬಲ್ಲ ಹುಡುಗಿಗೆ ಇದು ತೀರ ಹೊಸದಲ್ಲ. ಏಳು ಚುಕ್ಕಿ ಏಳು ಸಾಲು ಎಂದು ಅಂಗಳದಲ್ಲಿ ಎಣಿಸಿದಂತೆಯೇ ಇಲ್ಲಿ ಮನೆಗಳನ್ನು ಎಣಿಸಬೇಕು. ಆದರೆ ರಂಗೋಲಿಯಲ್ಲಿ ತಪ್ಪಿದರೆ ಅಂಗೈಯಿಂದ ಒರಸಿದರಾಯಿತು. ನಾಳೆಗೆ ಅಂಗಳವೇ ಹೊಸದು. ಬಟ್ಟೆಯ ಮೇಲಿನ ತಪ್ಪು ಹಾಗೆ ಹೋಗುವುದಿಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. 12 ಅಂಗುಲದ ಚೌಕಾಕಾರದ ತಟ್ಟೆಹಾಸಿಗೆ ಒಬ್ಬ ಹುಡುಗಿ ನಕ್ಷತ್ರಗಳ ಅಂಚು ಕಟ್ಟುತ್ತಾಳೆ ಎಂದುಕೊಳ್ಳೋಣ. ಅಂಗುಲಕ್ಕೆ ನಾಲ್ಕರಂತೆ ಆ ಬಟ್ಟೆಯಲ್ಲಿ 48 ಸಾಲು, ಸಾಲಿಗೆ 48 ಮನೆ, ಒಟ್ಟು 2,304 ಮನೆಗಳು. ಅಂಚು ಮಡಿಸಲು ಸುತ್ತ ಸ್ವಲ್ಪ ಜಾಗ ಬಿಟ್ಟು, ಬದಿಗೆ 21 ಕೆಂಪು ಮನೆಗಳನ್ನು ಅವಳು ಆರಿಸಿಕೊಂಡಿದ್ದಾಳೆ. ಮೂಲೆಗಳನ್ನು ಎರಡು ಸಲ ಎಣಿಸದಿದ್ದರೆ ನಾಲ್ಕು ಬದಿಗೆ 80 ನಕ್ಷತ್ರಗಳು. ನಕ್ಷತ್ರಕ್ಕೆ ನಾಲ್ಕು ಗೆರೆಯಂತೆ 320 ಗೆರೆಗಳು; ಗೆರೆಗೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಎಂದರೆ ಸೂಜಿ 640 ಸಲ ಬಟ್ಟೆಯನ್ನು ಹಾಯಬೇಕು. ಕೆಳಗಿನ ಎಡಮೂಲೆಯಿಂದ ಹೊರಟು ಮೊದಲ ಎರಡು ಬದಿಗಳನ್ನು ಅವಳು ಸರಿಯಾಗಿ ಮುಗಿಸುತ್ತಾಳೆ. ಮೂರನೆಯ ಬದಿಯಲ್ಲಿ ಯಾರೋ ಮಾತನಾಡಿಸುತ್ತಾರೆ; ಲೆಕ್ಕ ತಪ್ಪಿ, 20 ನಕ್ಷತ್ರಕ್ಕೇ ಕೆಳಮುಖವಾಗಿ ತಿರುಗುತ್ತಾಳೆ.

ಆಗ ಯಾವ ತಪ್ಪೂ ಕಾಣುವುದಿಲ್ಲ. ಮುಂದಿನ ನಕ್ಷತ್ರ ಸರಿಯಾಗಿಯೇ ಕೂರುತ್ತದೆ, ಅದರ ಮುಂದಿನದೂ ಸರಿಯೇ. ಒಂದೊಂದು ಹೊಲಿಗೆಯೂ ಅಂದವಾಗಿದೆ. ಮೂರು ದಿನಗಳ ತರುವಾಯ, ಸಾಲು ಹೊರಟ ಮೂಲೆಯನ್ನು ಸೇರಬೇಕಾದಾಗ, ಅದು ಅರ್ಧ ಅಂಗುಲ ಒಳಗೆ ಬಂದಿಳಿಯುತ್ತದೆ. ಅಂಚು ಕೂಡಲಿಲ್ಲ. ಎಣಿಸುವ ಕೆಲಸದ ಸ್ವಭಾವವೇ ಹೀಗೆ: ತಪ್ಪು ನಡೆದ ಸ್ಥಳದಲ್ಲಿ ಕಾಣದೆ, ಕೊನೆ ಮುಟ್ಟಿದಾಗ ಎದುರು ನಿಲ್ಲುತ್ತದೆ. ಈಗ ಅವಳ ಮುಂದೆ ಎರಡು ದಾರಿಗಳಿವೆ. ಮೂಲೆಯಲ್ಲಿ ಒಂದೆರಡು ಹೆಚ್ಚಿನ ಹೊಲಿಗೆ ಹಾಕಿ, ಅದರ ಮೇಲೊಂದು ಎಲೆಯನ್ನೋ ಹೂವನ್ನೋ ಇಟ್ಟು, ನೋಡುವವರ ಕಣ್ಣನ್ನು ಮರೆಸಬಹುದು. ಅಥವಾ ಕತ್ತರಿಯ ಮೊನೆಯಿಂದ ಆ ಬದಿಯ 19 ನಕ್ಷತ್ರಗಳನ್ನು, ಅಂದರೆ 76 ಗೆರೆಗಳನ್ನು, ಒಂದೊಂದಾಗಿ ಬಿಚ್ಚಿ ಮತ್ತೆ ಹೊಲಿಯಬಹುದು.

ಒಳ್ಳೆಯ ಗುರುವು ಇಂಥ ಹೊತ್ತಿನಲ್ಲಿ ಬೈಯುವುದಿಲ್ಲ, ತಾನೇ ಬಿಚ್ಚಿಕೊಡುವುದೂ ಇಲ್ಲ. ಕತ್ತರಿಯನ್ನು ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಬಿಚ್ಚುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ. ಅವಸರಪಟ್ಟರೆ ಬಟ್ಟೆಯ ಎಳೆಯೇ ತುಂಡಾಗುತ್ತದೆ. ಹುಡುಗಿಯ ಕಣ್ಣಲ್ಲಿ ನೀರು ತುಂಬಿದರೂ ಆಶ್ಚರ್ಯವಿಲ್ಲ. ಆದರೆ ಹತ್ತೊಂಬತ್ತನ್ನೂ ಬಿಚ್ಚಿ, ಬಿಟ್ಟುಹೋಗಿದ್ದ ಇಪ್ಪತ್ತೊಂದನೆಯ ಮನೆಯಲ್ಲಿ ನಕ್ಷತ್ರವನ್ನಿಟ್ಟು, ಮತ್ತೆ ಇಳಿದು ಬಂದು, ಹೊರಟ ಮೂಲೆಯನ್ನು ಸೂಜಿ ಮುಟ್ಟಿದ ಗಳಿಗೆಯಲ್ಲಿ ಅವಳು ಕಲಿತದ್ದು ಒಂದು ಅಂಚನ್ನಷ್ಟೇ ಅಲ್ಲ. ತಪ್ಪು ಮಾಡಿದವರಿಗೆ ಅದನ್ನು ತಿದ್ದುವ ಶಕ್ತಿಯೂ ಇದೆ ಎಂಬುದನ್ನು ಅವಳ ಕೈಯೇ ಅವಳಿಗೆ ತೋರಿಸಿಕೊಟ್ಟಿರುತ್ತದೆ. ಪ್ರತಿ ಬದಿ ಮುಗಿದಾಗಲೂ ನಿಂತು ಎಣಿಸುವ ಅಭ್ಯಾಸವು ಆ ದಿನದಿಂದ ಅವಳನ್ನು ಬಿಡುವುದಿಲ್ಲ.

ಹಳೆಯ ಕಾಲದ ಹೊಲಿಗೆಯ ಗುರುಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ಶಿಷ್ಯೆ ತಂದ ಬಟ್ಟೆಯ ಮುಂಬದಿಯನ್ನು ನೋಡುವ ಮೊದಲು ಅದನ್ನು ತಿರುವಿ ಹಿಂಬದಿಯನ್ನು ನೋಡುತ್ತಿದ್ದರು. ಮುಂಬದಿ ಇನ್ನೊಬ್ಬರಿಗಾಗಿ, ಹೊಲಿದವರ ಕ್ರಮವೇನೆಂಬುದು ತಿಳಿಯುವುದು ಹಿಂಬದಿಯಲ್ಲಿ. ಅಲ್ಲಿ ಗಂಟುಗಳಿರಬಾರದು. ಮೊದಲ ಹೊಲಿಗೆಗೆ ಮುನ್ನ ಎರಡಂಗುಲ ದಾರವನ್ನು ಬಿಟ್ಟು, ಆಮೇಲೆ ಅದನ್ನು ಹೊಲಿಗೆಗಳ ಅಡಿಯಲ್ಲಿ ತೂರಿಸಿ ಮುಚ್ಚಬೇಕು. ಒಂದು ಹೂವಿನಿಂದ ದೂರದ ಇನ್ನೊಂದು ಹೂವಿಗೆ ದಾರವನ್ನು ಎಳೆದೊಯ್ಯಬಾರದು. ಅದು ಬಿಳಿಯ ಮನೆಗಳ ಮೂಲಕ ನೆರಳಿನಂತೆ ಕಾಣುತ್ತದೆ, ಒಗೆಯುವಾಗ ಸಿಕ್ಕಿ ಕಿತ್ತುಹೋಗುತ್ತದೆ. ಯಾರೂ ನೋಡದ ಬದಿಯಲ್ಲಿ ಪಟ್ಟ ಶ್ರದ್ಧೆಯಿಂದಲೇ ಎಲ್ಲರೂ ನೋಡುವ ಬದಿ ಬಾಳುತ್ತದೆ.

ಹಿಂಬದಿಯ ಈ ಶುದ್ಧಿಯನ್ನು ಅದರ ತುತ್ತತುದಿಗೆ ಒಯ್ದ ಕಲೆಯೊಂದು ಕನ್ನಡನಾಡಿನಲ್ಲಿಯೇ ಇದೆ. ಅದು ಧಾರವಾಡ ಸೀಮೆಯ ಕಸೂತಿ. ಬೆಂಗಳೂರಿನ ಕಡೆ ಎಲ್ಲ ಬಗೆಯ ಸೂಜಿಯ ಅಲಂಕಾರವನ್ನೂ ಕಸೂತಿ ಎಂದೇ ಕರೆಯುವುದು ವಾಡಿಕೆ. ಧಾರವಾಡ, ಹುಬ್ಬಳ್ಳಿಗಳ ಕಡೆ ಆ ಹೆಸರಿಗೆ ನಿಶ್ಚಿತವಾದ ಅರ್ಥವಿದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಆ ಕಲೆ ಕೂಡಿದೆ. ಗವಂತಿಯದು ನೇರವಾದ ಗೆರೆ, ಮುರ್ಗಿಯದು ಮೆಟ್ಟಿಲಿನಂತೆ ಏರುವ ಗೆರೆ. ನೇಗಿ ನೇಯ್ಗೆಯನ್ನು ಹೋಲುತ್ತದೆ, ಮೆಂತಿ ಕತ್ತರಿ ಹೊಲಿಗೆ. ಚೌಕಳಿಯ ಮೇಲೆ ನಕ್ಷತ್ರದ ಮೊದಲ ಎರಡು ಗೆರೆಗಳನ್ನು ಹಾಕಿದ ಹುಡುಗಿ ತನಗೆ ತಿಳಿಯದೆಯೇ ಮೆಂತಿಯನ್ನು ಹಾಕಿರುತ್ತಾಳೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನಂದಿ, ನವಿಲು, ತೊಟ್ಟಿಲು ಇವು ಕಸೂತಿಯ ಚಿತ್ರಗಳು. ಇಳಕಲ್ಲಿನ ಸೀರೆಯ ಸೆರಗು, ಕುಪ್ಪಸದ ಕಣ, ಮದುವೆಯ ಕಪ್ಪು ಚಂದ್ರಕಾಳಿ ಸೀರೆ ಇವು ಅದರ ನೆಲೆಗಳು.

ಕಸೂತಿಯ ಹೆಣ್ಣುಮಗಳಿಗೆ ಚೌಕದ ಆಸರೆಯಿಲ್ಲ. ಸೀಸದ ಕಡ್ಡಿಯಿಂದ ಚಿತ್ರವನ್ನು ಬರೆದುಕೊಳ್ಳುವುದೂ ಸಂಪ್ರದಾಯದಲ್ಲಿಲ್ಲ. ಒಂದೇ ಬಣ್ಣದ ಬಟ್ಟೆಯಲ್ಲಿ ಹಾಸುಹೊಕ್ಕಿನ ಎಳೆಗಳನ್ನೇ ಕಣ್ಣಿನಿಂದ ಎಣಿಸುತ್ತ ಅವಳು ಹೊಲಿಯುತ್ತಾಳೆ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಹಿಂದಿರುಗುವಾಗ ಬಿಟ್ಟ ಎಡೆಗಳೆಲ್ಲ ತುಂಬುತ್ತವೆ. ಹೊರಟ ಸ್ಥಳಕ್ಕೆ ಬಂದು ನಿಂತಾಗ ಚಿತ್ರವು ಎರಡು ಮುಖಗಳಲ್ಲಿಯೂ ಒಂದೇ ತೆರನಾಗಿ ಮೂಡಿರುತ್ತದೆ. ಯಾವುದು ಮುಂಬದಿ ಯಾವುದು ಹಿಂಬದಿ ಎಂದು ಹೇಳುವಂತಿಲ್ಲ. ಗೋಪುರದ ಕಳಶಕ್ಕೆ ಏರುವಾಗಲೇ ಯಾವ ದಾರಿಯಲ್ಲಿ ಇಳಿಯಬೇಕೆಂಬುದು ಅವಳ ಮನಸ್ಸಿನಲ್ಲಿ ಸಿದ್ಧವಾಗಿರಬೇಕು. ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಂಗಸರು ತಲೆಮಾರುಗಳಿಂದ ಈ ಲೆಕ್ಕವನ್ನು ಬೆರಳತುದಿಯಲ್ಲಿ ಇಟ್ಟುಕೊಂಡಿದ್ದಾರೆ. ಈ ಕಲೆಗೆ ಇಂದು ಭೌಗೋಳಿಕ ಸೂಚಿಯ ಮನ್ನಣೆಯೂ ಸಂದಿದೆ.

ಚೌಕಳಿ ಬಟ್ಟೆ ಈ ದೊಡ್ಡ ಕಲೆಯ ಹೊಸ್ತಿಲು. ಅಂಗುಲಕ್ಕೆ ನಾಲ್ಕು ಮನೆಯಿಂದ ಎಂಟು ಮನೆಗೆ, ಅಲ್ಲಿಂದ ಎಳೆಗಳು ಬಿಡಿಬಿಡಿಯಾಗಿ ಕಾಣುವ ದಪ್ಪ ಬಟ್ಟೆಗೆ, ಕೊನೆಗೆ ನುಣ್ಣನೆಯ ಸೀರೆಗೆ ಕಣ್ಣು ಹಂತಹಂತವಾಗಿ ಪಳಗುತ್ತದೆ. ಕಾಪಿಪುಸ್ತಕದ ಗೆರೆಗಳ ನಡುವೆ ಅಕ್ಷರ ತಿದ್ದಿದ ಮಗುವು ಮುಂದೊಂದು ದಿನ ಗೆರೆಯಿಲ್ಲದ ಹಾಳೆಯ ಮೇಲೆ ನೇರವಾಗಿ ಬರೆಯುವಂತೆ, ಚೌಕಗಳ ಮೇಲೆ ಎಣಿಸಿದ ಕೈ ಚೌಕಗಳಿಲ್ಲದ ಬಟ್ಟೆಯಲ್ಲಿಯೂ ದಾರಿ ತಪ್ಪುವುದಿಲ್ಲ. ಹೊರಗಿನ ಗೆರೆ ಆ ವೇಳೆಗೆ ಒಳಗಿನ ಗೆರೆಯಾಗಿರುತ್ತದೆ.

ಇಂದು ಯಂತ್ರಗಳು ಗಂಟೆಗೆ ಎಷ್ಟೋ ಸಾವಿರ ಹೊಲಿಗೆಗಳನ್ನು ಹಾಕುತ್ತವೆ. ಅಂಗಡಿಯಲ್ಲಿ ಸಿದ್ಧವಾದ ಹಾಸು ಅಗ್ಗವಾಗಿ ಸಿಗುತ್ತದೆ. ಕೈಯಿಂದ ಹೊಲಿದದ್ದರ ಬೆಲೆಯನ್ನು ಕೇಳಿದವರು ಇಷ್ಟೊಂದೇ ಎಂದು ಹುಬ್ಬೇರಿಸುವುದುಂಟು. ಅಂಥವರು ಆ ಚಿಕ್ಕ ತಟ್ಟೆಹಾಸಿನ ಲೆಕ್ಕವನ್ನು ಒಮ್ಮೆ ನೆನೆಯಬೇಕು. ಅಂಚೊಂದಕ್ಕೇ 640 ಸಲ ಸೂಜಿ ಹಾಯ್ದಿದೆ. ನಡುವಿನ ಹೂವುಗಳ ಲೆಕ್ಕ ಬೇರೆ, ಬಿಚ್ಚಿ ಹೊಲಿದದ್ದು ಯಾರ ಲೆಕ್ಕದಲ್ಲಿಯೂ ಇಲ್ಲ. ಕೊಳ್ಳುವವರಿಗೆ ಕಾಣುವುದು ಹೂವು. ಹೊಲಿದವಳ ದಿನಗಳು ಕಾಣುವುದಿಲ್ಲ. ಕೈಕೆಲಸವನ್ನು ಹೊಗಳಿ, ಕೂಲಿಯನ್ನು ಚೌಕಾಸಿ ಮಾಡಿದರೆ ಆ ಹೊಗಳಿಕೆಗೆ ಅರ್ಥವಿಲ್ಲ. ಸ್ವತಃ ಒಂದು ನಕ್ಷತ್ರವನ್ನಾದರೂ ಹೊಲಿದು ನೋಡಿದವರು ಹಾಗೆ ಚೌಕಾಸಿ ಮಾಡಲಾರರು. ಆದ್ದರಿಂದ ಈ ವಿದ್ಯೆ ಹೆಣ್ಣುಮಕ್ಕಳಿಗೆಷ್ಟೋ ಗಂಡುಮಕ್ಕಳಿಗೂ ಅಷ್ಟೇ ಅಗತ್ಯ. ಸೂಜಿಗೆ ಹೆಣ್ಣು ಗಂಡೆಂಬ ಭೇದವಿಲ್ಲ. ಜರಿಯ ಕೆಲಸವನ್ನು ಜೀವನೋಪಾಯವಾಗಿ ಮಾಡುವ ಗಂಡಸರು ನಮ್ಮ ದೇಶದಲ್ಲಿ ಬಹಳ ಮಂದಿ ಇದ್ದಾರೆ.

ಬಸವನಗುಡಿಯ, ಚಾಮರಾಜಪೇಟೆಯ, ಮಲ್ಲೇಶ್ವರದ ಎಷ್ಟೋ ಹಳೆಯ ಮನೆಗಳು ಈಗ ಉಳಿದಿಲ್ಲ. ಜಗಲಿಗಳಿದ್ದಲ್ಲಿ ಬಹುಮಹಡಿಯ ಕಟ್ಟಡಗಳು ಎದ್ದಿವೆ. ಆದರೂ ಯಾವುದೋ ಟ್ರಂಕಿನ ತಳದಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಮಡಿಸಿಟ್ಟ ಒಂದು ಚೌಕಳಿ ಹಾಸು ಸಿಕ್ಕೀತು. ಬಣ್ಣ ಮಾಸಿ ಕೆಂಪು ಮನೆಗೂ ನಸುಗೆಂಪು ಮನೆಗೂ ವ್ಯತ್ಯಾಸ ಕಾಣದಂತಾಗಿರಬಹುದು. ಹೊಲಿದವರ ಹೆಸರು ಅದರ ಮೇಲೆ ಇರುವುದಿಲ್ಲ. ಅದನ್ನು ಕೈಗೆತ್ತಿಕೊಂಡವರು ಮೊದಲು ತಿರುವಿ ಹಿಂಬದಿಯನ್ನು ನೋಡಲಿ. ಗಂಟಿಲ್ಲದ ಆ ಬದಿಯಲ್ಲಿ, ನಾಲ್ಕು ಮೂಲೆಗಳೂ ಸರಿಯಾಗಿ ಕೂಡಿದ ಆ ಅಂಚಿನಲ್ಲಿ, ಹೆಸರಿಲ್ಲದ ಒಬ್ಬ ಹೆಣ್ಣುಮಗಳ ತಾಳ್ಮೆಯೂ ಲೆಕ್ಕವೂ ಇನ್ನೂ ಸವೆಯದೆ ಉಳಿದಿರುತ್ತವೆ.

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಒಂದೆರಡು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಎರಡೇ ಬಣ್ಣದ ನೂಲಿನಿಂದ ನೇಯ್ದ ಚೌಕಳಿ ಬಟ್ಟೆಯಲ್ಲಿ ಮೂರು ಬಣ್ಣಗಳು ಕಾಣುವುದು ಹೇಗೆ?
2. ನೇಯ್ದ ಚೌಕಳಿಗೂ ಅಚ್ಚಿನ ಚೌಕಳಿಗೂ ಇರುವ ವ್ಯತ್ಯಾಸವನ್ನು ಹೇಗೆ ಗುರುತಿಸಬಹುದು?
3. ಎಲ್ಲ ನಕ್ಷತ್ರಗಳಲ್ಲಿಯೂ ಮೇಲಿನ ಗೆರೆ ಒಂದೇ ದಿಕ್ಕಿನದಾಗಿರಬೇಕು, ಏಕೆ?
4. ಧಾರವಾಡದ ಕಸೂತಿಯ ನಾಲ್ಕು ಹೊಲಿಗೆಗಳು ಯಾವುವು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳಿಗೆ ಸೂಜಿಯ ಕೆಲಸವು ಯಾವ ರೀತಿಯಲ್ಲಿ ಆಸರೆಯಾಯಿತು?
2. ಎಣಿಕೆಯ ತಪ್ಪು ನಡೆದ ಸ್ಥಳದಲ್ಲಿ ಕಾಣದೆ ಕೊನೆಯಲ್ಲಿ ಕಾಣುತ್ತದೆ. ಪಾಠದ ಉದಾಹರಣೆಯಿಂದ ಇದನ್ನು ವಿವರಿಸಿರಿ.
3. 'ಹೊರಗಿನ ಗೆರೆ ಆ ವೇಳೆಗೆ ಒಳಗಿನ ಗೆರೆಯಾಗಿರುತ್ತದೆ.' ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.

ಇ. ಮಾಡಿ ನೋಡಿರಿ.
ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಕೈಯಿಂದ ಹೊಲಿದ ಹಳೆಯ ವಸ್ತುವೊಂದಿದ್ದರೆ ಅದರ ಎರಡು ಬದಿಗಳನ್ನೂ ಗಮನಿಸಿ, ಹೊಲಿದವರ ಕೆಲಸದ ಕ್ರಮವನ್ನು ಕುರಿತು ಒಂದು ಪುಟ ಬರೆಯಿರಿ.